ಅಮಾವಾಸ್ಯೆಯ ಬಿಡುವು

ಕೆಲಸ ಅರ್ಧ ದಾಟಿತು ಎಂದು ಮಗಳು ಶ್ರುತಿ ಹೇಳುತ್ತಿದ್ದಂತೆಯೇ ಪರದೆಯ ಮೇಲೆ ತಿರುಗುತ್ತಿದ್ದ ಬಿಳಿ ಚುಕ್ಕೆಗಳು ಮಾಯವಾಗಿ ಕಂಪ್ಯೂಟರು ಕಪ್ಪಾಯಿತು. ತಲೆಯ ಮೇಲಿನ ಫ್ಯಾನೂ ನಿಧಾನಕ್ಕೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಲಕ್ಕವ್ವ ಪರದೆಯನ್ನು ಮುಟ್ಟಿ ನೋಡಿದಳು.

ಆ ಪೆಟ್ಟಿಗೆಯೊಳಗೆ ಸೀರೆಯ ಅಂಚಿಗೆಂದು ಅವಳು ಬರೆದ ದಡಿಯ ಚಿತ್ರವಿತ್ತು. ಮಗಳಿಂದ ಮೌಸು ಹಿಡಿಯಲು ಕಲಿತು, ಅಡುಗೆ ಮುಗಿದ ಮೇಲೆ ದಿನಕ್ಕಿಷ್ಟು ಎಂದು, ಹುಣಸೆ ಎಲೆಯ ಹೊಸ ದಡಿಯೊಂದನ್ನು ಚೌಕ ಚೌಕವಾಗಿ ತುಂಬಿದ್ದಳು. ಲಗ್ನವಾಗಿ ಕಮತಗಿಗೆ ಬಂದಾಗಿನಿಂದ ಬೇರೆಯವರು ಬರೆದ ದಡಿಯನ್ನೇ ನೇಯುತ್ತ ಬಂದವಳು, ಇದೊಂದು ಅವಳದು. ಹಳೆಯ ವಿಂಡೋಸ್ ಇನ್ನು ನಡೆಯುವುದಿಲ್ಲ, ಹೊಸದು ಹಾಕಿದರೂ ಒಳಗಿನದು ಇದ್ದ ಹಾಗೇ ಇರುತ್ತದೆ ಎಂದು ಶ್ರುತಿ ಧೈರ್ಯ ಹೇಳಿದ್ದಳು. ಅಮಾವಾಸ್ಯೆಯನ್ನು ಆರಿಸಿದ್ದೂ ಅವಳೇ. ಆ ದಿನ ಓಣಿಯ ಮಗ್ಗಗಳೆಲ್ಲ ನಿಂತಿರುತ್ತವೆ, ಕರೆಂಟು ಕುಣಿಯುವುದಿಲ್ಲ.

ಮಗ್ಗದ ಕೋಣೆಯಿಂದ ಗಂಡ ಶಿವಸಂಗಪ್ಪ ವಿಭೂತಿಯ ಕೈಯಲ್ಲೇ ಬಂದ. ಅಮಾವಾಸ್ಯೆಗೊಮ್ಮೆ ಮೇನ್ ಸ್ವಿಚ್ ಇಳಿಸಿ, ಮಗ್ಗದ ದೂಳು ಒರೆಸಿ, ಪೂಜೆ ಮಾಡಿ ಕಾಯಿ ಒಡೆಯುವುದು ಅವನ ತಂದೆಯ ಕಾಲದಿಂದ ಬಂದ ನೇಮ. ಇವತ್ತೂ ಇಳಿಸಿದ್ದ. ಮನೆಗೂ ಮಗ್ಗಕ್ಕೂ ಒಂದೇ ಲೈನು; ಒಳಗೆ ಕಂಪ್ಯೂಟರು ನಡೆದಿರುವುದು ಅವನಿಗಾಗಲಿ, ಈ ನೇಮ ಶ್ರುತಿಗಾಗಲಿ ನೆನಪಾಗಿರಲಿಲ್ಲ.

"ಮಗ್ಗಕ್ಕ ಸೂಟಿ ಕೊಟ್ರಿ, ಚಲೋ ಆತು," ಎಂದಳು ಲಕ್ಕವ್ವ. "ನನ್ನ ದಡಿಗೂ ಕೊಟ್ರಲ್ಲ."

ಅವನು ಓಡಿ ಹೋಗಿ ಸ್ವಿಚ್ ಏರಿಸಿದ. ಮೊದಲೇ ಒಂದು ಕಾಪಿ ಮಾಡಿಟ್ಟುಕೊಳ್ಳಬೇಕಾಗಿತ್ತು ಎಂದು ಶ್ರುತಿ ತನ್ನನ್ನೇ ಬೈದುಕೊಂಡಳು. ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಲಕ್ಕವ್ವ ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆದಳು. ಬೇಡಿಕೊಳ್ಳಲು ಮಾತು ಹೊಳೆಯಲಿಲ್ಲ, ಬರೀ ಹೆಸರು ಹಿಡಿದು ಕೂತಳು.

ಅಷ್ಟರಲ್ಲಿ ಅಕ್ಷರಗಳು ಮೂಡಿದವು. "ಹಳೇದಕ್ಕ ತಿರುಗಿ ಹೊಂಟೈತವ್ವಾ," ಎಂದಳು ಶ್ರುತಿ. "ಸುಮ್ಮನ ಕುಂದ್ರೋಣು."

ಕೂತರು. ಹಳೆಯ ಪರದೆ ಬಂತು. ದಡಿ ತೆರೆದರೆ ಎಲೆ ಎಲೆಯೂ ತನ್ನ ಜಾಗದಲ್ಲೇ ಇತ್ತು. ಶ್ರುತಿ ಮೊದಲು ಅದನ್ನು ತನ್ನ ಮೊಬೈಲಿಗೆ ಇಳಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಶಿವಸಂಗಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ಹೆಂಡತಿ ಆಟ ಆಡುತ್ತಾಳೆಂದುಕೊಂಡು ಅವನು ಇಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ.

ಹೊಸದನ್ನು ಮುಂದಿನ ವಾರ ಹಾಕೋಣವೇ ಎಂದು ಶ್ರುತಿ ಕೇಳಿದಳು. ಲಕ್ಕವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತ ಹಾಕು," ಎಂದಳು.

ಚುಕ್ಕೆಗಳು ಮತ್ತೆ ತಿರುಗತೊಡಗಿದವು. ಶಿವಸಂಗಪ್ಪ ಮಣೆಯೊಂದನ್ನು ಎಳೆದುಕೊಂಡು ಹೋಗಿ ಮೇನ್ ಸ್ವಿಚ್ಚಿನ ಕೆಳಗೆ ಕೂತ. ಗುಡಿಗೆ ಹೋಗೋಣವೆಂದು ಗೆಳೆಯ ಅರ್ಜು ಬಂದು ಕರೆದರೂ ಏಳಲಿಲ್ಲ. ಊಟದ ಹೊತ್ತಾದಾಗ ಲಕ್ಕವ್ವ ಹೋಳಿಗೆಯ ತಾಟನ್ನು ಅಲ್ಲಿಗೇ ಒಯ್ದಳು.

ಅವನು ತುತ್ತು ಮುರಿದು ಕೈಯಲ್ಲೇ ಹಿಡಿದು ಕೇಳಿದ: "ಆ ದಡಿ ಮೊದ್ಲ ನಮ್ಮ ಮಗ್ಗಕ್ಕ ಏರಸ್ತೀ ಹೌದಿಲ್ಲೊ?"

ಲಕ್ಕವ್ವ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದು, ಅದು ಹರಡುವುದನ್ನು ನೋಡುತ್ತ ನಿಂತಳು.