ಎಲ್ಲರೆದುರು ಆಡಿದ ಮಾತು

ಒಂಬತ್ತು ವರ್ಷ ನಾನು ನಮ್ಮೂರ ಹೆಂಗಸರ ಸಮಿತಿಯ ಅಧ್ಯಕ್ಷೆಯಾಗಿದ್ದೆ. ಪ್ರತಿ ಗುರುವಾರ ಮನೆಮನೆಗೆ ಹೋಗಿ ಕಕ್ಕಸು, ನೀರಿನ ತೊಟ್ಟಿ, ಸೋಪು ನೋಡುವುದು ನನ್ನ ಕೆಲಸ. ಸಮೋವಾದ ಸವಾಯಿ ದ್ವೀಪದ ಈ ತೀರದಲ್ಲಿ ಈ ತೌಸಲಾ ಬರುತ್ತಾಳೆಂದರೆ ಗಂಡಸರೂ ಪೊರಕೆ ಹಿಡಿಯುತ್ತಿದ್ದರು.

ಅಕ್ಟೋಬರಿನಲ್ಲಿ ಮಕ್ಕಳಿಗೆಂದೇ ಹಬ್ಬ ಮಾಡುವ ಭಾನುವಾರ ಚರ್ಚಿನಲ್ಲಿ ಊಟವಾಯಿತು. ಎರಡೇ ದಿನದಲ್ಲಿ ಹನ್ನೊಂದು ಮಕ್ಕಳಿಗೆ ವಾಂತಿಭೇದಿ. ಬೇರೆ ಊರಿಂದ ಸೊಸೆಯಾಗಿ ಬಂದಿದ್ದ ಲೆಮಾಪು ಅಂದು ಕೆಸುವಿನೆಲೆಯ ಅಡುಗೆಗೆ ತೆಂಗಿನ ಹಾಲು ಹಿಂಡಿದ್ದಳು. ಹಿಂದಿನ ಗುರುವಾರ ಅವಳ ಮನೆಯಲ್ಲಿ ಸೋಪು ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

"ನಿಮ್ಮೂರಲ್ಲಿ ಕೈ ತೊಳೆಯೋದು ಕಲಿಸಿಲ್ವೇನೇ? ಇನ್ಮೇಲೆ ಊರಿನ ಅಡುಗೆ ಮುಟ್ಟಬೇಡ," ಎಂದೆ, ಸಮಿತಿಯ ಹೆಂಗಸರೆಲ್ಲ ಕೂತಿದ್ದಾಗ. ಲೆಮಾಪುವಿನ ಮಡಿಲಲ್ಲಿದ್ದ ಮಗಳು ಫೇತುವಿಗೂ ಭೇದಿ ಹತ್ತಿತ್ತು.

ಮರುದಿನ ನರ್ಸ್ ಮಿಲಿಯಾನಾ ಬಂದು ವಿಚಾರಿಸಿದಳು. "ಎಲೆ ಅಡುಗೆ ಚೆನ್ನಾಗಿ ಬೆಂದಿದೆ, ಅದರದ್ದಲ್ಲ. ಬೆಂದ ಕೋಳಿನ ಬಿಡಿಸಿ ಮಕ್ಕಳ ತಟ್ಟೆಗೆ ಹಾಕಿದ್ದು ಯಾರು?"

"ನಾನು."

"ನಿಮ್ಮನೇಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿತ್ತಾ?"

"ಅತ್ತೆಗೆ. ಹಾಸಿಗೆ ಹಿಡಿದಿದಾರೆ."

"ಸೋಪು ಹಚ್ಚಿ ಕೈ ತೊಳ್ಕೊಂಡು ಬಂದಿದ್ರಾ ಅಮ್ಮಾ?"

"ತೊಳ್ಕೊಂಡಿದ್ದೆ," ಎಂದೆ.

ತೊಳೆದಿರಲಿಲ್ಲ. ಅತ್ತೆಯ ಬಟ್ಟೆ ಬದಲಿಸುವಾಗಲೇ ಚರ್ಚಿನ ಗಂಟೆ ಹೊಡೆದಿತ್ತು. ಉಟ್ಟ ಬಟ್ಟೆಗೇ ಕೈ ಒರೆಸಿಕೊಂಡು ಓಡಿದ್ದೆ. ಮಿಲಿಯಾನಾ ನನ್ನ ಮುಖವನ್ನೊಮ್ಮೆ ನೋಡಿ, ನಾನು ಹೇಳಿದ್ದನ್ನೇ ಬರೆದುಕೊಂಡಳು.

ಅಂದು ಸಂಜೆ ಫೇತುವನ್ನು ಆಸ್ಪತ್ರೆಗೆ ಒಯ್ದರು. ಬೆಳಗಾಗುತ್ತಲೇ ನಾನೂ ಬಸ್ಸು ಹತ್ತಿದೆ. ಮಗುವಿನ ಕೈಗೆ ಡ್ರಿಪ್ ಹಾಕಿದ್ದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ನಡೆದದ್ದನ್ನೂ ನರ್ಸಿಗೆ ಹೇಳಿದ ಸುಳ್ಳನ್ನೂ ಲೆಮಾಪುವಿಗೆ ಬಿಡದೆ ಹೇಳಿದೆ.

ಲೆಮಾಪು ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, "ಮೇಲೆ ಕೂತ್ಕೊಳ್ಳಿ ಅಕ್ಕ, ನೆಲ ಒದ್ದೆ ಇದೆ," ಎಂದಳು. "ನನ್ನ ಹತ್ರ ಹೇಳಿದ್ರೆ ಆಗಲ್ಲ. ಅವತ್ತು ಎಲ್ಲರೆದುರು ಅಂದಿದ್ರಿ. ಎಲ್ಲರೆದುರೇ ಹೇಳಿ."

ಊರಿಗೆ ಮರಳಿದವಳು ಮೊದಲು ಮಿಲಿಯಾನಾಳಿಗೆ ನಿಜ ಹೇಳಿದೆ. ಗುರುವಾರ ಸಮಿತಿಯ ಮುಂದೆ ನಿಂತು ಹೇಳಿದೆ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಎಲ್ಲರೂ ಚಾಪೆ ನೋಡುತ್ತ ಕೂತರು. ಕೊನೆಗೆ ಮುದುಕಿ ಸಿಯೆನಿ, "ಕೂತ್ಕೋ ತಾಯಿ, ಇಲ್ಲೇ ಚಾಪೆ ಮೇಲೆ ಜಾಗ ಇದೆ," ಎಂದಳು. ಅಧ್ಯಕ್ಷತೆ ಅಂದೇ ಬಿಟ್ಟೆ.

ಐದನೇ ದಿನಕ್ಕೆ ಫೇತು ಮನೆಗೆ ಬಂದಳು; ಉಳಿದ ಮಕ್ಕಳೂ ಗುಣವಾದರು. ಲೆಮಾಪು ಈಗಲೂ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾಳೆ. ನಾನೇ ಏನಾದರೊಂದು ನೆಪ ಹೇಳಿ ಬೇಗ ಬೇಗ ನಡೆದುಬಿಡುತ್ತೇನೆ.