ಹಿಲಾರಿಯೊ ಮಾವನ ಕಾಲು

ವನಾರಾಗುವ ಎಂಬ ನಮ್ಮ ಕ್ರಿಸ್‌ಮಸ್ ಮುಖವಾಡದ ಕುಣಿತದಲ್ಲಿ ಡೋಲಿಗೆ ಸ್ವಂತ ಬುದ್ಧಿ ಇರಬಾರದು. ಕುಣಿಯುವವನ ಕಾಲು ಹೇಳಿದ್ದನ್ನು ಬಾರಿಸಬೇಕು, ಅಷ್ಟೇ. ಹಿಲಾರಿಯೊ ಮಾವನ ಕಾಲು ನೋಡಿಯೇ ನಾನು ಡೋಲು ಕಲಿತದ್ದು.

"ಈ ಕ್ರಿಸ್‌ಮಸ್ಸಿಗೆ ಬೇಡ ಮಾವ. ಎದೆನೋವು ಅಂತ ಆಸ್ಪತ್ರೆ ಸೇರಿ ಇನ್ನೂ ತಿಂಗಳಾಗಿಲ್ಲ," ಎಂದು ಬೆಳಿಗ್ಗೆಯೇ ಹೇಳಿದ್ದೆ.

ಮೊಣಕಾಲಿಗೆ ಕವಡೆಪಟ್ಟಿ ಬಿಗಿಯುತ್ತ ಮಾವ ನಕ್ಕಿದ್ದ. "ನಿನ್ನ ಪುಂಟಾ ರಾಕ್ ಬ್ಯಾಂಡಲ್ಲಿ ಮೆಷಿನ್ ತಾಳ ಹಾಕುತ್ತೆ, ನೀವು ಸೊಂಟ ಅಲ್ಲಾಡಿಸ್ತೀರ. ಇಲ್ಲಿ ನನ್ನ ಕಾಲೇ ಮೆಷಿನ್ನು. ಕೈ ನಿಧಾನ ಮಾಡಿದ್ಯೋ, ಡಾಟಿವೊ, ಇಡೀ ಡಾಂಗ್ರಿಗಾ ಊರಿನ ಎದುರಿಗೆ ಉಗೀತೀನಿ."

ಮಧ್ಯಾಹ್ನ ಸೆಫೆರಿನಾ ಅತ್ತೆಯ ಅಂಗಳಕ್ಕೆ ಬಂದೆವು. ಜನ ಬೇಲಿಯ ಮೇಲೂ ಹತ್ತಿ ಕೂತಿದ್ದರು. ಮಾವನ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತಂತಿಬಲೆಯ ಮುಖವಾಡ. ಅದರ ಮೇಲೆ ಬರೆದ ಬಿಳಿ ದೊರೆಯ ಗುಲಾಬಿ ಕೆನ್ನೆ, ಸಣ್ಣ ಮೀಸೆ, ನಗು.

ಕುಣಿಯುತ್ತಿದ್ದಂತೆ ಮಾವನ ಎಡಗಾಲು ತಡವರಿಸಿತು. ನನ್ನ ಕೈ ಅದನ್ನೂ ಬಾರಿಸಿಬಿಟ್ಟಿತು. ಹೊಸ ಹೆಜ್ಜೆ ಅಂದುಕೊಂಡು ಜನ ಕೇಕೆ ಹಾಕಿದರು.

"ಮುದುಕ ಇವತ್ತು ಬೆಂಕಿ ಕಣೋ!" ಎರಡನೇ ಡೋಲಿನ ಬೆಟೊ ಕೂಗಿದ.

"ಬೆಂಕಿಯಲ್ಲ. ಕಾಲು ನೋಡು."

"ನೀನೇ ನೋಡು, ಅದು ನಿನ್ನ ಕೆಲಸ."

ಮತ್ತೆ ತಡವರಿಸಿತು. ಅದನ್ನು ಮುಚ್ಚಲು ಮಾವ ವೇಗ ಹೆಚ್ಚಿಸಿದ. ಕವಡೆಗಳ ಸದ್ದಿನ ನಡುವೆ ತಂತಿಬಲೆಯ ಹಿಂದಿನಿಂದ ಸೀಟಿಯಂಥ ಉಸಿರು ಕೇಳಿಸಿತು. ನಾನು ಹೊಡೆಯುತ್ತಿದ್ದದ್ದು ಚರ್ಮಕ್ಕಲ್ಲ, ಆ ಎದೆಗೆ.

ಕೈ ನಿಧಾನ ಮಾಡಿದೆ.

"ಹುಚ್ಚು ಹಿಡೀತೇನೋ!" ಎಂದ ಬೆಟೊ. ಬೇಲಿಯ ಮೇಲಿನ ನಗು ನಿಂತಿತು. ಮುಖವಾಡ ನನ್ನ ಕಡೆ ತಿರುಗಿತು. ಬೈಗುಳಕ್ಕಾಗಿ ಕಾದೆ. ಬೈಯಲಿ ಎಂದು ಬೇಡಿಕೊಂಡೆ.

ಮಾವ ಬೈಯಲಿಲ್ಲ. ನಾನು ಹೊಡೆದೆ, ಕಾಲು ಎದ್ದಿತು. ಹೊಡೆದೆ, ಇಳಿಯಿತು. ಯಾರ ಡೋಲಿಗೂ ಬಗ್ಗದ ಕಾಲು ನನ್ನ ಕೈಯ ಹಿಂದೆ ಬರುತ್ತಿತ್ತು. ಆಗ ನಿಜವಾಗಿ ಹೆದರಿದೆ.

"ಅತ್ತೆ, ಕುರ್ಚಿ!"

ಒಂದೊಂದು ಪೆಟ್ಟಿಗೆ ಒಂದೊಂದು ಹೆಜ್ಜೆಯಂತೆ ಅವನನ್ನು ಕುರ್ಚಿಯವರೆಗೆ ಕರೆತಂದೆ. ಅತ್ತೆ ಕೂರಿಸಿ ಮುಖವಾಡ ತೆಗೆದಳು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು, ಕಣ್ಣು ಮುಚ್ಚಿತ್ತು.

"ಯಾರಾದ್ರೂ ಕಾರು ತನ್ನಿ! ಸಾಕು ನಿಲ್ಲಿಸೋ, ಮಗನೇ!" ಅತ್ತೆ ಚೀರಿದಳು.

ಮಾವನ ಹಿಮ್ಮಡಿ ಇನ್ನೂ ನನ್ನ ತಾಳಕ್ಕೆ ನೆಲ ಮುಟ್ಟುತ್ತಿತ್ತು. ನಾನು ನಿಲ್ಲಿಸಲಿಲ್ಲ.