ಸೀಮೆಸುಣ್ಣ ಬಿದ್ದ ಬಟ್ಟೆ

ಅಯಸ್ಕಾಂತದ ತುಂಡನ್ನು ನೆಲದ ಮೇಲೆ ಆಡಿಸುತ್ತ ಅವಳು ಕತ್ತರಿಸುವ ಮೇಜಿನ ಅಡಿಗೆ ನುಸುಳಿದಳು. ಹಿಂದಿನ ದಿನ ಉದುರಿದ ಗುಂಡುಪಿನ್ನುಗಳು ಒಂದೊಂದಾಗಿ ಎದ್ದು ಬಂದು ಅದಕ್ಕೆ ಕಚ್ಚಿಕೊಂಡವು. ಮೇಲೆ ಅಪ್ಪ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಅತ್ತೆ, ಅಂದರೆ ಅಪ್ಪನ ಅಕ್ಕ, ಶರ್ಟೊಂದಕ್ಕೆ ಗುಂಡಿ ತೂರುವ ಕಾಜಾ ಹಾಕುತ್ತಿದ್ದಳು. ಮೂವರೂ ಸುಮ್ಮನಿದ್ದರು. ದೊಡ್ಡವರಿಬ್ಬರಿಗೆ ಈ ಮೌನ ಬೆಳಗಿನ ಅರ್ಧ ಗಂಟೆಯದು. ಅವಳಿಗೆ ಇಡೀ ದಿನದ್ದು.

ಪಕ್ಕದ ಊರಿನ ಶಾಲೆಗೆ ಹೋಗುತ್ತಿದ್ದ ಬಸ್ಸು ನಿಂತಾಗ ಅವಳಿಗೆ ಹದಿಮೂರು. ಬಸ್ಸಿನ ಜೊತೆಗೆ ಶಾಲೆಯೂ ನಿಂತಿತು. ಅಂಗಡಿಗೆ ಬಂದ ಮೊದಲ ವಾರದಲ್ಲೇ ಅವಳೊಂದು ಅನುಕೂಲ ಕಂಡುಕೊಂಡಳು: ತುಟಿಗಳ ನಡುವೆ ನಾಲ್ಕು ಪಿನ್ನು ಕಚ್ಚಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ. ಏಳು ವರ್ಷದಿಂದ ಆ ನಾಲ್ಕು ಪಿನ್ನು ಅಲ್ಲೇ ಇದ್ದವು. ಊರವರು ಅವಳನ್ನು ಪಿನ್ನಮ್ಮ ಎನ್ನುತ್ತಿದ್ದರು.

ಮೇಜಿನ ಅಡಿಯಿಂದ ಅವಳಿಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಅಷ್ಟು ಸಾಕಿತ್ತು. ಮೊದಲು ಬಂದದ್ದು ಲೇಸನ್ನು ತಪ್ಪು ತೂತಿಗೆ ಪೋಣಿಸಿದ ಬೂಟು. ನಿವೃತ್ತ ವಿಜ್ಞಾನದ ಮೇಷ್ಟ್ರು. ಹಿಂದೆ ಬಿಳಿ ಕ್ಯಾನ್ವಾಸ್ ಶೂ, ಆಸ್ಪತ್ರೆಯ ನರ್ಸಕ್ಕ. ಟೈರಿನ ಚಪ್ಪಲಿ ಸೈಕಲ್ ರಿಪೇರಿಯವನದು. ಕೊನೆಯ ರಬ್ಬರ್ ಬೂಟಿಗೆ ಒಂದು ಪುಕ್ಕ ಅಂಟಿತ್ತು. ಕೋಳಿ ಫಾರಮ್ಮಿನ ಹೆಂಗಸು. ಅಲ್ಲಿಗೆ ಮೇಷ್ಟ್ರು ಹೊಸದಾಗಿ ಕಟ್ಟಿದ್ದ ಇಡೀ ಪಕ್ಷ ಅಂಗಡಿಯೊಳಗೆ ಬಂದಂತಾಯಿತು. ಅಧ್ಯಕ್ಷ, ಉಪಾಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ. ಸದಸ್ಯರು ಇನ್ನೂ ಸಿಕ್ಕಿರಲಿಲ್ಲ.

"ಒಂದು ಬ್ಯಾನರ್ ಹೊಲಿಸ್ಬೇಕಿತ್ತು," ಎಂದರು ಮೇಷ್ಟ್ರು.

"ಏನಕ್ಕೆ?"

"ಪುರಸಭೆ ಚುನಾವಣೆಗೆ. ನಮ್ಮ ನರ್ಸಮ್ಮ ನಿಲ್ತಾ ಇದಾರೆ."

"ಯಾವ ವಾರ್ಡಲ್ಲಿ?"

"ಇದೇ ವಾರ್ಡಲ್ಲಿ."

"ಇಲ್ಲಿ ಆಗ್ಲೇ ಯಜಮಾನ್ರು ಇದಾರಲ್ಲ," ಎಂದ ಅಪ್ಪ, ಬಸ್ಸಿನಲ್ಲಿ ಕೂತವರ ಸೀಟನ್ನು ಯಾರೋ ಕೇಳಿದ ಹಾಗೆ.

ಯಜಮಾನರು ಇಪ್ಪತ್ತು ವರ್ಷದಿಂದ ಈ ವಾರ್ಡಿನ ಸದಸ್ಯರು. ಪ್ರತಿ ಸಲವೂ ಅವಿರೋಧ. ಎದುರು ಯಾರೂ ನಿಲ್ಲದ ಕಾರಣ ಇಲ್ಲಿ ಮತದಾನವೇ ನಡೆದಿರಲಿಲ್ಲ. ಆದರೂ ಪ್ರತಿ ಸಲ ಅವರ ಗೆಲುವಿಗೆ ಮುನ್ನೂರು ನೀಲಿ ಬಾವುಟ ಹೊಲಿಯುವುದು ಅಪ್ಪನ ಕೆಲಸ. ಅವರು ನಿಂತಾಗಿನಿಂದ ಅಪ್ಪ ಅವರ ಕಡೆಯವನೇ. ಈಗಲೂ ಗೋಡೆಯ ಪಕ್ಕ ನೀಲಿ ಬಾವುಟಗಳ ಕಟ್ಟು ಅವನ ಎದೆಯೆತ್ತರಕ್ಕೆ ನಿಂತಿತ್ತು.

ಮೇಷ್ಟ್ರು ತಂದ ಬಿಳಿ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡ ಸದ್ದಾಯಿತು. ಅಪ್ಪ ಗಂಟಲು ಸರಿಮಾಡಿಕೊಂಡ. ಬೇಡ ಅನ್ನುವ ಮೊದಲು ಅವನು ಯಾವಾಗಲೂ ಹಾಗೆ ಮಾಡುತ್ತಿದ್ದ.

"ನೋಡಿ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ..."

ಆಗ ಮೇಜಿನ ಅಡಿಯಿಂದ ಒಂದು ಕೈ ಮೇಲೆ ಬಂತು. ಆ ಕೈಯಲ್ಲಿ ಸೀಮೆಸುಣ್ಣದ ಬಿಲ್ಲೆಯಿತ್ತು. ಅದು ತಡವರಿಸುತ್ತ ಬಟ್ಟೆಯ ಅಂಚನ್ನು ಹುಡುಕಿ, ಒಂದು ಗೆರೆ ಎಳೆದು, ಮತ್ತೆ ಕೆಳಗೆ ಹೋಯಿತು.

ಸೀಮೆಸುಣ್ಣ ಬಿದ್ದ ಬಟ್ಟೆಯನ್ನು ಹೊಲಿಯದೆ ವಾಪಸ್ ಕಳಿಸಬಾರದು ಎಂಬುದು ತಾತನ ಕಾಲದಿಂದ ಬಂದ ಕಟ್ಟಳೆ. ಅದನ್ನು ಅಪ್ಪ ಒಂದು ಸಲವೂ ಮುರಿದಿರಲಿಲ್ಲ. ಮದುವೆಯ ಹಿಂದಿನ ದಿನ ಓಡಿಹೋದ ಗಂಡಿನ ಕೋಟನ್ನೂ ಅಪ್ಪ ಗುಂಡಿಯವರೆಗೆ ಮುಗಿಸಿದ್ದ. ಅದು ಇವತ್ತಿಗೂ ಗೋಡೆಯ ಮೊಳೆಗೆ ತೂಗುತ್ತ ಅಳಿಯನಂತೆ ಅಂಗಡಿಯನ್ನು ನೋಡಿಕೊಂಡಿತ್ತು.

"ಯಾರೇ ಅದು ಅಡಿಯಲ್ಲಿ!" ಎಂದಳು ಅತ್ತೆ, ಇನ್ಯಾರೋ ಇದ್ದಾರು ಎಂಬಂತೆ.

ಅಪ್ಪ ಗೆರೆಯನ್ನು ನೋಡಿದ. ಮೇಜಿನ ಅಡಿಗೆ ಬಗ್ಗಿ ಮಗಳನ್ನು ನೋಡಿದ. ಅವಳು ಪಿನ್ನು ಹೆಕ್ಕುತ್ತಿದ್ದಳು. ಅವನು ನೆಟ್ಟಗೆ ನಿಂತು ಅಳತೆ ಟೇಪನ್ನು ಕೊರಳಿಂದ ಎಳೆದ.

"ಎಷ್ಟುದ್ದ?"

"ಮೂವತ್ತಾರು ಅಡಿ," ಎಂದರು ಮೇಷ್ಟ್ರು ಹೆಮ್ಮೆಯಿಂದ.

"ಪೇಟೆ ಬೀದಿ ಎಷ್ಟಗಲ ಗೊತ್ತಾ?"

ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಪ್ಪತ್ತೆರಡು. ಮಿಕ್ಕ ಹದಿನಾಲ್ಕಡಿ ಬೇಡಿಕೆನ ಯಾರ ಮನೆಯೊಳಗೆ ಹಾಸ್ತೀರಿ?"

ಬೇಡಿಕೆಗಳು ಹನ್ನೊಂದಿದ್ದವು. ಕೆಂಪು ಬಟ್ಟೆಯಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ ಬಿಳಿಯ ಮೇಲೆ ಹೊಲಿಯಬೇಕು. ಅಪ್ಪ ಚೀಟಿಯನ್ನು ಕಣ್ಣಿಂದ ದೂರ ಹಿಡಿದು ಓದಿದ. ಓದುತ್ತ ಓದುತ್ತ ದೊಗಲೆ ಪ್ಯಾಂಟು ನೋಡಿದವನ ಮುಖವಾಯಿತು.

"ಇದನ್ನ ಒಳಗೆ ಹಿಡೀಬೇಕು ಮೇಷ್ಟ್ರೇ. 'ವೈಜ್ಞಾನಿಕ ಮನೋಭಾವ ಬೆಳೆಯಲಿ', ತೆಗೀರಿ ಇದನ್ನ."

"ಅದು ಬಹಳ ಮುಖ್ಯ ಕಣಯ್ಯಾ!"

"ಬೆಳೀಲಿ, ನಾನೆಲ್ಲಿ ಬೇಡ ಅಂದೆ? ಬ್ಯಾನರ್ ಮೇಲೆ ಬೇಡ. ಅದೊಂದೇ ಐದೂವರೆ ಅಡಿ ತಿನ್ನುತ್ತೆ."

"ಮೊಟ್ಟೆಗೆ ನ್ಯಾಯವಾದ ಬೆಲೆ ಇರ್ಲಿ," ಎಂದಳು ಕೋಳಿ ಫಾರಮ್ಮಿನವಳು.

"ನಿಮ್ಮ ಕೋಳಿಗೆ ಇಲ್ಲಿ ವೋಟಿದ್ಯಾ ತಾಯಿ?"

ಒಂದು ಗಂಟೆಯ ಜಗಳದ ನಂತರ ಹನ್ನೊಂದು ಮೂರಕ್ಕೆ ಇಳಿಯಿತು: ಮುಚ್ಚಿದ ಹೆರಿಗೆ ಕೋಣೆ ತೆರೆಯಿರಿ, ಹೆಣ್ಣುಮಕ್ಕಳಿಗೆ ಶಾಲೆ ಬಸ್ಸು, ಸರ್ವರಿಗೂ ಸಮಾನತೆ. ಆಗಲೂ ನಾಲ್ಕು ಅಡಿ ಹೆಚ್ಚು.

"ಸರಿ, ಬಸ್ಸು ತೆಗೀರಿ," ಎಂದರು ಮೇಷ್ಟ್ರು ನಿಟ್ಟುಸಿರಿಟ್ಟು. "ಸಮಾನತೇನ ಬಿಡೋಕಾಗಲ್ಲ."

"ಬಸ್ಸು ಇರ್ಲಿ," ಎಂದ ಅಪ್ಪ.

ಅವಳು ಅಕ್ಷರ ಕತ್ತರಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅಪ್ಪ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದ.

ಆ ಸಂಜೆ ಅವಳು ನರ್ಸಕ್ಕನ ಬಿಳಿ ಕೋಟಿಗೆ ಪರದೆಯ ಹಿಂದೆ ಅಳತೆ ತೆಗೆದುಕೊಂಡಳು. ಅಳತೆ ಕೊಡುವವರು ಕೈ ಅಗಲಿಸಿ ನಿಂತಾಗ ಯಾಕೋ ಮನಸ್ಸನ್ನೂ ಬಿಚ್ಚಿಬಿಡುತ್ತಾರೆ.

"ನಾಮಪತ್ರಕ್ಕೆ ಇದೇ ವಾರ್ಡಿನ ಹತ್ತು ಸಹಿ ಬೇಕು ಪಿನ್ನಮ್ಮ," ಎಂದಳು ನರ್ಸಕ್ಕ. "ಎಂಟಾಗಿದೆ. ಬ್ರೆಡ್ಡಿನ ಅಂಗಡಿಯವನು ಬುಧವಾರ ಹಾಕ್ತೀನಿ ಅಂದಿದಾನೆ. ಬುಧವಾರ ಮೂರು ಗಂಟೆಯೊಳಗೆ ಕೊಡದಿದ್ರೆ ಈ ಸಲಾನೂ ಅವಿರೋಧ. ಎಲ್ರೂ ನಗ್‌ನಗ್ತಾ ಮಾತಾಡಿಸ್ತಾರೆ, ಟೀ ಕೊಡ್ತಾರೆ. ಪೆನ್ನು ತೆಗೆದ್ರೆ ಮಾತ್ರ ಒಲೆ ಮೇಲೆ ಹಾಲಿಟ್ಟಿರೋದು ನೆನಪಾಗುತ್ತೆ."

ಪಿನ್ನಮ್ಮ ತೋಳಿನ ಅಳತೆಯನ್ನು ಪುಸ್ತಕದಲ್ಲಿ ಬರೆದಳು. ಆಮೇಲೆ ಅದೇ ಪೆನ್ನನ್ನು ಹಿಡಿದುಕೊಂಡೇ ಕೈ ಚಾಚಿದಳು. ನರ್ಸಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಮಂಗಳವಾರ ಬ್ಯಾನರಿನ ಮೇಲೆ 'ಬಸ್ಸು' ಹೊಲಿಯುತ್ತಿದ್ದಾಗ ಯಜಮಾನರ ಕಾರು ಅಂಗಡಿಯ ಮುಂದೆ ನಿಂತಿತು. ಬಚ್ಚಿಡಲು ಹೊತ್ತಿರಲಿಲ್ಲ. ಅತ್ತೆ ಬ್ಯಾನರಿನ ಮೇಲೆ ಕೂರಲು ನೋಡಿದಳು. ಕೂತಲ್ಲಿ 'ಹೆರಿಗೆ' ಮಾತ್ರ ಮುಚ್ಚಿತು.

ಯಜಮಾನರು ನಿಧಾನವಾಗಿ ಓದಿದರು. "ಏನಪ್ಪಾ ಇದು?"

"ಸೀಮೆಸುಣ್ಣ ಬಿದ್ಬಿಡ್ತು, ಯಜಮಾನ್ರೇ," ಎಂದ ಅಪ್ಪ.

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. "ಹೊಲಿ, ಹೊಲಿ. ಹತ್ತು ಸಹಿ ಎಲ್ಲಿಂದ ತರ್ತಾರೆ? ಆಮೇಲೆ ಕಿಟಕಿಗೆ ಪರದೆ ಮಾಡ್ಕೊಳ್ಳಲಿ." ಬಾವುಟದ ಕಟ್ಟಿನತ್ತ ತಿರುಗಿದರು. "ಎಲ್ಲಾ ಮಾಡ್ಬಿಟ್ಟೆಯಾ? ಇಷ್ಟು ಯಾಕೆ? ಹೋದ ಸಲದ್ದೇ ಕಟ್ಟು ಬಿಚ್ಚಿಲ್ಲ, ಅದರ ಹಿಂದಿನದ್ದೂ ಗೋಡೌನಲ್ಲಿದೆ. ಇರ್ಲಿ ಬಿಡು, ಒಳ್ಳೇ ಬಟ್ಟೆ, ನೀರು ಚೆನ್ನಾಗಿ ಹೀರುತ್ತೆ."

ಹೋಗುವ ಮೊದಲು ಅವರು ಕಾರಿನ ಡಿಕ್ಕಿಯಿಂದ ಒಂದು ನೀಲಿ ಚಿಂದಿ ತೆಗೆದು ಮುಂದಿನ ಗಾಜು ಒರೆಸಿದರು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಕೊಳೆಯ ಅಡಿಯಲ್ಲೂ ತಾನು ಹಾಕಿದ್ದ ಅಂಚಿನ ಜೋಡಿ ಹೊಲಿಗೆ ಒಂದು ಎಳೆ ಬಿಟ್ಟಿರಲಿಲ್ಲ. ಕಾರು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಒಳಗೆ ಬಂದವನೇ ಬ್ಯಾನರನ್ನು ಎಳೆದುಕೊಂಡು, ಯಾರೂ ಕೇಳದಿದ್ದರೂ, ಗಾಳಿಗೆ ಉಬ್ಬದಿರಲೆಂದು ಅದರಲ್ಲಿ ಅರ್ಧಚಂದ್ರಾಕಾರದ ಕಿಂಡಿಗಳನ್ನು ಕತ್ತರಿಸತೊಡಗಿದ. ಪ್ರತಿ ಕಿಂಡಿಗೂ ಕಾಜಾದ ಹಾಗೆ ಸುತ್ತ ಹೊಲಿಗೆ ಹಾಕಿದ.

"ಇವರ ಬ್ಯಾನರಿಗೆ ಇಷ್ಟು ಸಿಂಗಾರ ಯಾಕೋ?" ಎಂದಳು ಅತ್ತೆ.

"ಬೀದಿಗೆ ಕಟ್ಟೋದು ಕಣಕ್ಕಾ. ಜನ ನೋಡ್ತಾರೆ," ಎಂದ ಅಪ್ಪ.

ಬುಧವಾರ ಮಧ್ಯಾಹ್ನ ಎರಡಕ್ಕೆ ನರ್ಸಕ್ಕ ಬಂದಳು. ಅವಳ ಮುಖ ಕಂಡು ಅತ್ತೆ ಕೂಡ ಸ್ಟೂಲು ಬಿಟ್ಟುಕೊಟ್ಟಳು.

"ಬ್ರೆಡ್ಡಿನವನ ಬಲಗೈಗೆ ಇಷ್ಟು ದಪ್ಪ ಬ್ಯಾಂಡೇಜು," ಎಂದಳು ನರ್ಸಕ್ಕ. "ಪೆನ್ನು ಹಿಡಿಯೋಕೇ ಆಗ್ತಿಲ್ವಂತೆ. ಬೆಳಿಗ್ಗೆ ಯಜಮಾನ್ರು ಅಲ್ಲಿ ಟೀ ಕುಡಿದು ಹೋದ್ರಂತೆ."

"ಗಾಯ ದೊಡ್ಡದಾ?" ಎಂದು ಅಪ್ಪ ಕೇಳಿದ.

"ಗಾಯಾನೇ ಇಲ್ಲ! ಕಟ್ಟಿರೋದೂ ಅಡ್ಡಾದಿಡ್ಡಿ. ನೋಡೋಕಾಗ್ಲಿಲ್ಲ, ಬಿಚ್ಚಿ ನೀಟಾಗಿ ಕಟ್ಟಿ ಬಂದೆ."

ಅಪ್ಪ ತಲೆಯಾಡಿಸಿದ. ಅದು ಅವನಿಗೆ ಪೂರಾ ಅರ್ಥವಾಗಿತ್ತು.

ನಾಮಪತ್ರವನ್ನು ನರ್ಸಕ್ಕ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಬ್ಯಾನರ್ ಇಸ್ತ್ರಿಯಾಗಿ, ಮಡಿಕೆಯಾಗಿ ಕೂತಿತ್ತು. ಕಾಗದದಲ್ಲಿ ಒಂಬತ್ತು ಸಹಿ, ಕೆಳಗೆ ಒಂದು ಖಾಲಿ ಗೆರೆ. ಅಪ್ಪ ನೋಡಲಿಲ್ಲವೆಂಬಂತೆ ನೋಡಿದ.

"ಒಂಬತ್ತನೇದು ಯಾರದ್ದು? ಅಕ್ಷರ ಅಷ್ಟು ಚಿಕ್ಕದು..." ಎಂದು ಶುರುಮಾಡಿದವನು ಅಲ್ಲೇ ನಿಂತ. ಅದೇ ಅಕ್ಷರ ದಿನವೂ ಅಳತೆ ಪುಸ್ತಕದಲ್ಲಿ ಅವನ ಕಣ್ಣ ಮುಂದಿರುತ್ತಿತ್ತು.

ಅತ್ತೆ ಬಗ್ಗಿ ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ, ಇವಳೇ! ಪುರಸಭೆ ಬೋರ್ಡಿಗೆ ಅಂಟಿಸ್ತಾರೆ ಕಣೇ ಇದನ್ನ! ಹುಡುಗಿ ನೋಡೋಕೆ ಬರೋರು ಮೊದಲು ಬೋರ್ಡ್ ಓದ್ಕೊಂಡು ಬರ್ತಾರೆ!"

ಅತ್ತೆ ನರ್ಸಕ್ಕನನ್ನು ನೋಡಿದಳು, ಖಾಲಿ ಗೆರೆಯನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, "ನನ್ನ ವೋಟು ಇನ್ನೂ ಗಂಡನ ಊರಲ್ಲೇ ಇದೆಯಲ್ಲ, ಇಲ್ಲದಿದ್ರೆ..." ಎಂದು ಸೂಜಿಯನ್ನು ಕೈಗೆತ್ತಿಕೊಂಡಳು. ಇಲ್ಲದಿದ್ದರೆ ಏನು ಎನ್ನುವುದನ್ನು ಹೇಳಲಿಲ್ಲ.

"ಕೋಟು ರೆಡಿ ಇದೆ," ಎಂದ ಅಪ್ಪ ನರ್ಸಕ್ಕನಿಗೆ. ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದ ಸೂಜಿಯ ಕೆಳಗೆ ಬೆರಳಾಡಿಸಿದ. "ಬ್ಯಾನರೂ ರೆಡಿ. ಕಟ್ಟೋವಾಗ ಮೂಲೆಯಿಂದ ಎಳೀಬೇಡಿ, ಮಧ್ಯದಿಂದ ಬಿಗೀರಿ."

"ಕಟ್ಟೋದು ಎಲ್ಲಿಂದ ಬಂತಣ್ಣಾ," ಎಂದಳು ನರ್ಸಕ್ಕ. "ಪರದೇನೇ ಮಾಡ್ಕೋಬೇಕು."

ಗೋಡೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಪುರಸಭೆಗೆ ಹತ್ತು ನಿಮಿಷದ ದಾರಿ. ಬೀದಿಯಾಚೆ ಮೇಷ್ಟ್ರು, ಸೈಕಲ್ಲಿನವನು, ಕೋಳಿ ಫಾರಮ್ಮಿನವಳು ಸಾಲಾಗಿ ನಿಂತು, ಒಳಗೆ ನೋಡುತ್ತಿಲ್ಲವೆಂದು ತೋರಿಸಿಕೊಳ್ಳಲು ಮೂವರೂ ಆಕಾಶ ನೋಡುತ್ತಿದ್ದರು.

ಪಿನ್ನಮ್ಮ ಮೇಜಿನ ಬಳಿ ಬಂದಳು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮುಂಗೈಗೆ ಕಟ್ಟಿದ ಹತ್ತಿದಿಂಬಿಗೆ ಚುಚ್ಚಿದಳು. ಒಂದು. ಎರಡು. ಮೂರು. ನಾಲ್ಕು. ಅತ್ತೆಯ ಕೈ ಕಾಜಾದ ಅರ್ಧಕ್ಕೇ ನಿಂತಿತು. ಪಿನ್ನಮ್ಮ ಸೀಮೆಸುಣ್ಣದ ಬಿಲ್ಲೆಯನ್ನು ತೆಗೆದುಕೊಂಡು, ಕಾಗದದ ಕೊನೆಯಲ್ಲಿ ಖಾಲಿಯಿದ್ದ ಜಾಗದ ಅಡಿಗೆ ತೆಳ್ಳಗೆ ಒಂದು ಗೆರೆ ಎಳೆದಳು. ಊದಿದರೆ ಹಾರಿಹೋಗುವಂಥ ಗೆರೆ.

ಮೂಲೆಯ ಟೇಬಲ್ ಫ್ಯಾನು ಗೋಡೆಯಲ್ಲಿದ್ದ ಕೋಟನ್ನು ಅಲ್ಲಾಡಿಸಿ, ಬಾವುಟದ ಕಟ್ಟಿನ ಮೇಲಿನದೊಂದನ್ನು ಎಬ್ಬಿಸಿ, ನಿಧಾನವಾಗಿ ಮೇಜಿನ ಕಡೆ ಕತ್ತು ತಿರುಗಿಸುತ್ತಿತ್ತು. ಕಾಗದದ ಅಂಚು ಏಳುವಷ್ಟರಲ್ಲಿ ಅಪ್ಪ ಕೂತಲ್ಲಿಂದಲೇ ಕೈ ಚಾಚಿ ಫ್ಯಾನಿನ ಗುಂಡಿ ಒತ್ತಿದ. ರೆಕ್ಕೆಗಳು ಸುತ್ತಿ ಸುತ್ತಿ ನಿಂತವು.

"ಅಪ್ಪಾ," ಎಂದಳು ಅವಳು. ಬಹಳ ದಿನ ಬಳಸದ ದನಿ ಸ್ವಲ್ಪ ಒಡೆದಿತ್ತು. "ಇಲ್ಲೊಂದು ಸಹಿ ಹಾಕು."

ಅಪ್ಪ ಗೆರೆಯನ್ನೊಮ್ಮೆ ನೋಡಿ, ಅಳತೆ ಪುಸ್ತಕದ ಪೆನ್ನಿನತ್ತ ಕೈ ಚಾಚಿದ.